ಹಾಜರಿ ಪುಸ್ತಕದ ಕೊನೆಯ ಪುಟ

ಮೊಖೋತ್ಲಾಂಗಿನ ಗುಡ್ಡಗಳಲ್ಲಿ ಜೂನ್ ಎಂದರೆ ಹಿಮ.
ಲಿನೆಯೋ ಟೀಚರು ಕೈಗವಸು ತೆಗೆಯದೆಯೇ
ಬೋರ್ಡಿನ ಮೇಲೆ ಏಳರ ಮಗ್ಗಿ ಬರೆಯುತ್ತಾಳೆ.
ಅರವತ್ತೊಂದು ಮಕ್ಕಳು, ಹನ್ನೆರಡು ಬೆಂಚು,
ಮೂರು ತಿಂಗಳಿಂದ ಬಾರದ ಸಂಬಳ.

ಮೊತ್ಲಾತ್ಸಿ ಮತ್ತೆ ತಡ. ಕುರಿದೊಡ್ಡಿಯಿಂದ ನೇರ,
ಕಂಬಳಿಯ ತುಂಬ ಹೊಗೆಯ ನಾತ. ಬಂದವನೇ
ಅವಳ ನಡಿಗೆ ಅಣಕಿಸಿದ; ಕ್ಲಾಸಿಗೆ ಕ್ಲಾಸೇ ನಕ್ಕಿತು.
ಅವಳು ಕೊನೆಯ ಪುಟ ತಿರುವಿ
ಒಂದು ಗೀಟೆಳೆದಳು.

ಏಳೆಪ್ಪತ್ತು ಸಲ ಎಂದುಬಿಟ್ಟೆ, ನಿನಗೇನು,
ನಿನಗಿದ್ದದ್ದು ಹನ್ನೆರಡೇ ಶಿಷ್ಯರು,
ಎಂದು ಮೊದಲ ವರ್ಷ ಮೊಣಕಾಲೂರಿ ಜಗಳವಾಡಿದ್ದಳು.
ಎರಡನೆಯ ವರ್ಷ ರಾಜೀನಾಮೆ ಬರೆದು
ಬೈಬಲ್ಲಿನೊಳಗಿಟ್ಟಳು; ಅಲ್ಲೇ ಇದೆ,
ಯಾವ ಅಧ್ಯಾಯದಲ್ಲೋ ಮರೆತಿದೆ.
ಈಗ ಕೇಳುವುದಿಷ್ಟೇ: ಸ್ವಾಮಿ,
ಮಧ್ಯಾಹ್ನದವರೆಗೆ ಗಂಟಲು ಕೈಕೊಡದಿರಲಿ.

ಗಂಟೆ ಹೊಡೆದ ಮೇಲೆ ಅವನು ಮೇಜಿನ ಹತ್ತಿರ ಬಂದ.
"ಈ ಗೀಟುಗಳೇನು, ಮೇಡಂ?"
"ಲೆಕ್ಕ. ಏಳನ್ನು ಎಪ್ಪತ್ತರಿಂದ ಗುಣಿಸು."
ಬಾಗಿಲ ಬಳಿ ಕುಕ್ಕರಿಸಿ, ಕರಗಿದ ಹಿಮದ ಕೆಸರಲ್ಲಿ
ಬೆರಳಿನಿಂದ ಬರೆದ, ಅಳಿಸಿದ, ಬರೆದ.
ನಾನೂರ ತೊಂಬತ್ತು.
ಗೀಟುಗಳನ್ನು ಎಣಿಸಿದ.
"ಇನ್ನೂ ಬೇಕಾದಷ್ಟು ಉಳಿದಿವೆ, ಮೇಡಂ," ಎಂದ,
ಅವಳಿಗೆ ಸಂತೋಷವಾಗಲೆಂದು.