ಕಾದಿ, ಕಾದು

ಶಿವಾರಪಟ್ಟಣದಲ್ಲಿ ಬೆಳಗಾಗುವುದು ಕೋಳಿಯಿಂದಲ್ಲ,
ಕಟರ್ ಮಿಷಿನ್ನಿನಿಂದ.
ನಮ್ಮ ತರಬೇತಿ ಶೆಡ್ಡಿಗೆ ತಗಡಿನ ಸೂರು,
ಹಾಜರಿ ಪುಸ್ತಕಕ್ಕೆ ಕಲ್ಲುದೂಳಿನ ಹೊದಿಕೆ.
ಈ ಸಲ ಒಂಬತ್ತು ಮಕ್ಕಳು.
ತಂದೆಯ ಹೆಸರಿನ ಅಂಕಣದಲ್ಲಿ
ಒಂಬತ್ತು ಸಲ ದಿವಂಗತ ಎಂದು ಬರೆದು
ಕೈ ಜೋಮು ಹಿಡಿಯಿತು.
ನಲವತ್ತು ವರ್ಷ ಸುತ್ತಿಗೆ ಎತ್ತಿದ ಕೈ.

ಚಾಂಪಿಯನ್ ರೀಫಿನ ಸಗಾಯಮೇರಿ: ಅಪ್ಪ ಸ್ಯಾಪರ್,
ಗಡಿಯ ಹಿಮದಲ್ಲಿ ಹೋದವನು.
ಸರ್ಕಲ್ಲಿನ ಕಂಬದ ಮೇಲೆ ಅವನ ಹೆಸರಿದೆ, ತಪ್ಪಾಗಿ.
"ಮೊದಲು ಅಕ್ಷರ ಕೆತ್ತೋದು ಕಲಿಸಿ ಸರ್.
ಒಂದು ದೀರ್ಘ ಬಿಟ್ಟವ್ರೆ, ಹಾಕಬೇಕು."

ಇನ್ನೊಬ್ಬ ತುಂಬ ದೂರದವನು.
ಬೆಟ್ಟಕ್ಕೂ ಬಯಲಿಗೂ ಹೊತ್ತಿಕೊಂಡದ್ದು ಆರಿದ ಮೇಲೆ
ಮೂರು ರೈಲು ಬದಲಿಸಿ ಮಾಲೂರಿನಲ್ಲಿ ಇಳಿದ.
ಹೆಸರು ಲಾಂಚೆನ್ಬಾ.
ಊಟ ಬಡಿಸುವ ಮುನಿಯಕ್ಕನ ಬಾಯಲ್ಲಿ
ಎರಡೇ ದಿನಕ್ಕೆ ಅದು "ಚೆನ್ನ, ಬಾ" ಆಯಿತು.
ಅವನು ಬಂದ. ಮುದ್ದೆಯನ್ನು ಅಗಿದ.
ಎಂಟೂ ಮಕ್ಕಳು ಊಟ ಬಿಟ್ಟು ನೋಡಿದವು.

ಮೊದಲ ವಾರ ಕೆಲಸ ಕಿವಿಗೆ.
ತಟ್ಟಿ ಕೇಳಿ: ಗಂಟೆಯಂತೆ ಮೊಳಗಿದರೆ ಗಂಡುಕಲ್ಲು,
ತಾಳದಂತೆ ಮಿಡಿದರೆ ಹೆಣ್ಣು,
ಮುಗ್ಗಿದ್ದನ್ನು ಮೆಟ್ಟಿಲಿಗೆ ಎಸೆಯಿರಿ.
ಎಂಟು ಸುತ್ತಿಗೆ ಒಟ್ಟಿಗೆ ಬಿದ್ದವು.
ಒಂಬತ್ತನೆಯವನು ಶೆಡ್ಡಿನ ಹಿಂದೆ,
ನೀರಿನ ಡ್ರಮ್ಮಿನ ಮರೆಯಲ್ಲಿ, ಮೊಣಕಾಲಲ್ಲಿ ಮುಖ.
ಪಕ್ಕದಲ್ಲಿ ಕೂತು ಬೀಡಿ ಹಚ್ಚಿದೆ.
ಆಮೇಲೆ ಕೈಯಲ್ಲಿದ್ದುದನ್ನು ತೋರಿಸಿ
"ಇದು ಉಳಿ" ಅಂದೆ.
"ಉಳಿ" ಅಂದ.
ಆ ಮಾತಿಗೆ ಇನ್ನೊಂದು ಅರ್ಥವಿದೆ. ಅವತ್ತು ಹೇಳಲಿಲ್ಲ.

ಕೆರೆ ಏರಿಯ ವೀರಗಲ್ಲಿಗೆ ಎಲ್ಲರನ್ನೂ ನಡೆಸಿಕೊಂಡು ಹೋದೆ.
ಕೆಳಗೆ ಕಾಳಗ, ನಡುವೆ ತೋಳು ಹಿಡಿದೊಯ್ಯುವ ಅಪ್ಸರೆಯರು,
ಮೇಲೆ ಲಿಂಗದ ಮುಂದೆ ಕೂತ ವೀರ.
ಸವೆದ ಅಕ್ಷರ ಬೆರಳಿನಿಂದ ಓದಿದೆ:
ತುರು ಮರಳಿಸಿ ಕಾದಿ ಸತ್ತ,
ಮನೆಯವರಿಗೆ ನೆತ್ತರುಗೊಡಗೆ, ಕೆರೆಯ ಕೆಳಗಣ ಗದ್ದೆ.
"ನಮಗೂ ಬಂತು," ಅಂದಳು ಸಗಾಯಮೇರಿ. "ಚೆಕ್ಕು."

ಚೆನ್ನ ಮೂರೂ ಅಂತಸ್ತು ಹುಡುಕುತ್ತಿದ್ದ.
"ಮಗ ಎಲ್ಲಿ?"
ದನಗಳಿದ್ದವು. ಒಂದು ನಾಯಿಯೂ ಇತ್ತು.
"ನಮ್ಮಪ್ಪ ಫೈಟ್ ಮಾಡಿಲ್ಲ. ಸೈಕಲ್ ರಿಪೇರಿ.
ಅಂಗಡಿ ಬಾಗಿಲು ಹಾಕಿ ಬರ್ತೀನಿ ಅಂತ ಹೋದ."

ಕಾದಿ ಸತ್ತವನಿಗೆ ಕಲ್ಲುಂಟು.
ಮನೆಯಲ್ಲಿ ಕಾದು ಕೂತವನಿಗೆ?
ನಮ್ಮ ವಂಶ ಹನ್ನೊಂದು ತಲೆಮಾರು ಕಲ್ಲು ಕಡಿದಿದೆ.
ತಾಳಮಾನದಲ್ಲಿ ಇದಕ್ಕೆ ಅಳತೆ ಕೊಟ್ಟಿಲ್ಲ.

ಪರೀಕ್ಷೆಗೆ ಒಂದಡಿಯ ಗಣಪತಿ. ಎಂಟು ಗಣಪತಿಗಳಾದವು.
ಅವನು ಚಕ್ರ ಗೀಚಿಕೊಂಡ.
"ಕಡ್ಡಿ ನಿಲ್ಲಲ್ಲ ಕಣೋ, ಬಿಲ್ಲೆ ಬಿಟ್ಟು ಮೇಲೆ ಗೀರು ಹಾಕು."
ಕೇಳಲಿಲ್ಲ. ಆಚೆಯ ಬೆಳಕು ಕಾಣುವ ತನಕ ಕೊರೆದ.
ಎರಡು ಕಡ್ಡಿ ಮುರಿದವು. ಹಾಗೇ ಬಿಟ್ಟ.
ಚಕ್ರದ ಮೇಲೆ ಬಗ್ಗಿದ ಒಬ್ಬ ಮನುಷ್ಯ,
ನಮ್ಮ ಕಡೆಗೆ ಬರೀ ಬೆನ್ನು.
"ಮುಖ?"
"ಜಾಸ್ತಿ ನೋಡಿದ್ದು ಹೀಗೇ, ಸರ್."
ಕಲ್ಲಿನ ಅಂಚಿನಲ್ಲಿ, ಪಂಪು ಹಿಡಿದ ಒಂದು ಪುಟ್ಟ ಕೈ.
ಕೈ ಮಾತ್ರ.

ಇಲಾಖೆಯವರು ಬಂದರು. "ಇದು ಯಾವ ದೇವರು?"
ನೂರಕ್ಕೆ ಮೂವತ್ತೆಂಟು ಹಾಕಿ ಟೀ ಕುಡಿದರು.

ಗಣಪತಿಗಳು ಲಾರಿ ಹತ್ತಿ ಹೊಸೂರಿಗೆ ಹೋದವು.
ಸಗಾಯಮೇರಿ ಒಂದು ಭಾನುವಾರ ಉಳಿ ಕಟ್ಟಿಕೊಂಡು ಹೋಗಿ
ಯಾರನ್ನೂ ಕೇಳದೆ ದೀರ್ಘ ಹಾಕಿ ಬಂದಳು.
ಸೈಕಲ್ಲಿನ ಕಲ್ಲು ಬೋರ್‌ವೆಲ್ಲಿನ ಪಕ್ಕ ನಿಂತಿದೆ,
ನೀರಿಗೆ ಬಂದ ಹುಡುಗರು
ಚಕ್ರ ತಿರುಗುತ್ತದೇನೋ ಎಂದು ನೂಕಿ ನೋಡುತ್ತಾರೆ.

ಒಂದು ಗಂಟೆಗೆ ಮುನಿಯಕ್ಕ ಸೌಟಿನಿಂದ ತಟ್ಟೆ ಬಡಿಯುತ್ತಾಳೆ.
ಈಗ ಅವನು ಬೆಚ್ಚುವುದಿಲ್ಲ.
"ಚೆನ್ನ, ಬಾ."
ಮುದ್ದೆಯನ್ನು ಮಾತ್ರ ಇನ್ನೂ ಅಗಿಯುತ್ತಾನೆ.