ದಟ್ಟಿಗೆ ಮೊಳ

ಮಾರ್ಚ್ ಇಪ್ಪತ್ತೆಂಟು. ಬಿ.ಎಂ. ರಸ್ತೆಯ ನಮ್ಮ ಆಫೀಸಿನಲ್ಲಿ ಫ್ಯಾನು
ರಸೀದಿಗಳು ಹಾರದಷ್ಟೇ ತಿರುಗುತ್ತದೆ.
ಕಾಟೀಹಳ್ಳಿ ಇಂಡಸ್ಟ್ರಿಯಲ್ ಏರಿಯಾದ
ಜಬೀವುಲ್ಲಾ ಸಾಹೇಬರ ಫೈಲು
ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಜಿಡ್ಡು.

ಅದರಲ್ಲೊಂದು ಸಾಲು:
ದುದ್ದದ ಸರ್ಕಾರಿ ಹೈಸ್ಕೂಲಿಗೆ
ವೃತ್ತಿ ಶಿಕ್ಷಣದ ಸಲುವಾಗಿ
ಲೇತ್ ಮಿಷಿನ್ ಒಂದು, ಮೋಟರು ಸಮೇತ.
ಕೊಟ್ಟದ್ದು ಕಳೆದ ಜೂನ್.
ಬೆಲೆಯ ಜಾಗ ಖಾಲಿ.

"ನೀನೇ ಹಾಕಮ್ಮ," ಎಂದರು ಫೋನಿನಲ್ಲಿ.
ಹಿಂದೆ ಗ್ರೈಂಡರು ಕಿರುಚುತ್ತಿತ್ತು.
"ಎಷ್ಟು ಹಾಕಿದ್ರೆ ಎಷ್ಟು ಉಳಿಯುತ್ತೆ, ನಿನಗೇ ಗೊತ್ತು."

ಗೊತ್ತು. ಹದಿನಾಲ್ಕು ವರ್ಷ ಇದೇ ಕೆಲಸ.
ಸವಕಳಿ ಕಳೆಯುತ್ತ ಕಳೆಯುತ್ತ
ನಮ್ಮ ಪುಸ್ತಕದಲ್ಲಿ ಆ ಮಿಷಿನ್ನು ಸತ್ತು ಎಷ್ಟೋ ಕಾಲವಾಯಿತು.
ಗುಜರಿಗೆ ಹಾಕಿದರೆ ಕಬ್ಬಿಣದ ತೂಕ.
ಶಾಲೆಗೆ ಹಾಕಿದರೆ ತೆರಿಗೆಯಲ್ಲಿ ಕಡಿತ,
ಕೋಣೆಯ ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ ಹೆಸರು.
ಆದರೆ 'ಬಳಕೆಯಲ್ಲಿದೆ' ಎಂದು
ಹೆಡ್‌ಮೇಡಂ ಪತ್ರ ಬೇಕು, ಮೊಹರು ಒತ್ತಿ.
ಮೂರು ಸಲ ಕೇಳಿದರೂ ಬಂದಿಲ್ಲ.

ನಾನೇ ಹೊರಟೆ, ಅರಸೀಕೆರೆ ಬಸ್ಸು ಹತ್ತಿ.
ಧರ್ಮಕ್ಕೆ ದಟ್ಟಿ ಕೊಟ್ಟರೆ
ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ—
ಅಜ್ಜಿ ಇದ್ದಿದ್ದರೆ ನಗುತ್ತಿದ್ದಳು:
ಕೊಟ್ಟವನ ಕಡೆಯಿಂದಲೇ
ಮೊಳ ಹಾಕಲು ಹೊರಟವಳು ಮೊಮ್ಮಗಳು,
ಬ್ಯಾಗಿನಲ್ಲಿ ಟೈಪು ಮಾಡಿದ ಪತ್ರ,
ಸಹಿಯ ಜಾಗಕ್ಕೆ ಪೆನ್ಸಿಲಿನ ಗುರುತು.

"ತ್ರೀ ಫೇಸ್ ಇಲ್ಲ," ಎಂದರು ಸುಗುಣಾವತಿ ಮೇಡಂ.
"ಕರೆಂಟಿನವರು ಡಿಪಾಜಿಟ್ ಕೇಳ್ತಾರೆ.
ಶಾಲೆ ಖಾತೆಯಲ್ಲಿರೋದು ಸೀಮೆಸುಣ್ಣದ ದುಡ್ಡು.
ತಿರುಗದ ಮಿಷಿನ್ನು ತಿರುಗ್ತಿದೆ ಅಂತ ಹೇಗೆ ಬರೀಲಿ?
ರಿಟೈರಾಗೋಕೆ ಏಳು ತಿಂಗಳಿದೆ ನನಗೆ."

ಸೈಕಲ್ ಸ್ಟ್ಯಾಂಡಿನ ಪಕ್ಕದ ಕೋಣೆ.
ಟಾರ್ಪಾಲು ಅರ್ಧ ಸರಿದಿತ್ತು.
ಒಂಬತ್ತನೇ ಕ್ಲಾಸಿನ ಮೋನಿಷಾ
ಎಡಗೈಯಲ್ಲಿ ಚಕ್ ಹಿಡಿದು ತಿರುಗಿಸುತ್ತಿದ್ದಳು,
ಗಾಣದ ಎತ್ತಿನಷ್ಟು ನಿಧಾನ.
ಚಕ್ಕಿಗೆ ಕಚ್ಚಿಸಿದ ಒಂದು ಸರಳು,
ಅದಕ್ಕೆ ತಾಕಿಯೂ ತಾಕದಂತೆ ನಿಲ್ಲಿಸಿದ ಉಳಿ,
ನಡುವಿನ ಸಂದಿಗೆ
ನೋಟ್‌ಬುಕ್ಕಿನ ಹಾಳೆ ಹರಿದು ತೂರಿಸುತ್ತಾಳೆ,
ತೆಗೆಯುತ್ತಾಳೆ, ಕಾಲು ಸುತ್ತು, ಮತ್ತೆ ತೂರಿಸುತ್ತಾಳೆ.

"ಈ ಕಡೆ ನಾಲ್ಕು ಹಾಳೆ ಹಿಡಿಯುತ್ತೆ ಮಿಸ್,
ಆ ಕಡೆ ಒಂದೇ. ಬೇರಿಂಗ್ ತಿಂದುಹೋಗಿದೆ."
ಯಾರು ಹೇಳಿಕೊಟ್ಟರು?
"ಪುಸ್ತಕದಲ್ಲಿತ್ತು. ಅದರಲ್ಲಿ ಬೇರೆ ಮೀಟರು ಇತ್ತು.
ಇಲ್ಲಿ ಹಾಳೆ ಇತ್ತು."

ಹಿತ್ತಲಿಗೂ ಹೋಗದೆ,
ಕೊಟ್ಟವನ ಮನುಷ್ಯಳ ಎದುರಿಗೇ ಮೊಳ!
ಅವಳ ಬೆರಳಿಗೆ ಗ್ರೀಸು ಹತ್ತಿತ್ತು,
ಅದನ್ನು ಲಂಗಕ್ಕೆ ಒರೆಸದೆ
ಟಾರ್ಪಾಲಿನ ಅಂಚಿಗೆ ಒರೆಸಿಕೊಂಡಳು.
ಫೋಟೋ ತೆಗೆಯುವುದು ಮರೆತೇ ಹೋಯಿತು.

ಬಸ್ ಸ್ಟಾಪಿನಿಂದ ಫೋನು ಮಾಡಿದೆ:
ಪತ್ರ ಬರಲ್ಲ ಸಾಹೇಬ್ರೆ. ಲೈನ್ ಎಳೆಸಬೇಕು. ಬೇರಿಂಗೂ ಹೋಗಿದೆ.
"ಯಾರು ಹೇಳಿದ್ದು ಬೇರಿಂಗ್ ಅಂತ?"
ಒಂದು ಹುಡುಗಿ. ಕಾಗದ ತೂರಿಸಿ ನೋಡಿದಳು.

ಗ್ರೈಂಡರು ನಿಂತಿತು.
ಇಷ್ಟು ವರ್ಷದಲ್ಲಿ ಅವರ ಫೋನಿನಲ್ಲಿ
ಮೊದಲ ಸಲ ಕಾಗೆ ಕೂಗುವುದು ಕೇಳಿಸಿತು.

"ಡಿಪಾಜಿಟ್ ನಾನು ಕಟ್ಟಿದ್ರೆ, ಅದಕ್ಕೂ ರಿಯಾಯ್ತಿ ಸಿಗುತ್ತಾ?"
ನೋಡ್ತೀನಿ. ಸಿಗಬಹುದು.
"ಬೇರಿಂಗಿಗೆ?"
ಬಿಲ್ ಇದ್ರೆ.
"ಭಾನುವಾರ ನಾನೇ ಹೋಗಿ ಕೂರಿಸಿದ್ರೆ? ನನ್ನ ಕೂಲಿಗೆ?"

ಗೊತ್ತಿದ್ದದ್ದನ್ನೇ ಮತ್ತೊಮ್ಮೆ ಯೋಚಿಸಿದೆ.
ಇಲ್ಲ ಸಾಹೇಬ್ರೆ. ಸ್ವಂತ ಮೈಬೆವರಿಗೆ ಕಾಲಮ್ಮಿಲ್ಲ.
"ಹಂಗಾದ್ರೆ ಅದನ್ನ ಬರೀಬೇಡ ಬಿಡು."

ಆ ಸಾಲಿನ ಮೇಲೆ ಈ ವರ್ಷಕ್ಕೆ ಅಡ್ಡಗೆರೆ ಎಳೆದೆ.
ನನ್ನ ಬಾಸಿಗೆ ಇಷ್ಟವಾಗಲಿಲ್ಲ.

ಎಲ್ಲರೂ ಹೋದ ಮೇಲೆ
ಸಹಿಯಾಗದ ಪತ್ರದ ಒಂದು ಮೂಲೆ ಹರಿದು
ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಉಜ್ಜಿ ನೋಡಿದೆ.
ಹದಿನಾಲ್ಕು ವರ್ಷ ಕಾಗದದ ಜೊತೆಗೇ ಇದ್ದವಳು.
ದಪ್ಪ ಎಷ್ಟೆಂದು
ಗೊತ್ತಾಗಲಿಲ್ಲ.