ನಾಲ್ಕಡಿ ಎಂಟಿಂಚು

ಫೋನಿನ ಆಚೆಯ ಹುಡುಗಿ ಬಹಳ ಮರ್ಯಾದೆಯವಳು.
"ಎಲ್ಲ ಚಾಲೂ ಇದೆ ಮೇಡಂ, ನೀರಾಟ, ಭೂತಬಂಗಲೆ, ಡಿಕ್ಕಿ ಕಾರು.
ಗರುಡಸುತ್ತು ಮಾತ್ರ ಬಂದ್. ವರ್ಷದ ರಿಪೇರಿ.
ಆಗಸ್ಟ್ ಹತ್ತರ ಮೇಲೆ ವಿಚಾರಿಸಿ."
ಮಾತ್ರ, ಅಂದಳು.
ಹುಳಿ ಇದೆ, ಖಾರ ಇದೆ, ತೆಂಗಿನಕಾಯಿ ಇದೆ,
ಸಾರಿನಲ್ಲಿ ಮೀನು ಮಾತ್ರ ಇಲ್ಲ, ಅಂದ ಹಾಗೆ.

ಬಾಗಿಲ ಚೌಕಟ್ಟಿನ ತುಂಬ ಪೆನ್ಸಿಲ್ ಗೀಟು.
ಎರಡು ವರ್ಷದ ಕೆಳಗೆ ಗರುಡಸುತ್ತಿನ ಗೇಟಿನಲ್ಲಿ
ಅಳತೆಯ ಹಲಗೆಗೆ ಬೆನ್ನು ಕೊಟ್ಟು ನಿಂತ ಪ್ರಚಿತಿ
ಗಿಡ್ಡಳಾದಳು, ನಾಲ್ಕು ಬೆರಳು.
ಕಾವಲಿನವ ತಲೆ ಸವರಿ ಕಳಿಸಿದ.
ಬಿಡಲಿಲ್ಲ ಎಂಬುದಕ್ಕಿಂತ
ಸವರಿದ್ದಕ್ಕೇ ಅವಳಿಗೆ ಸಿಟ್ಟು.
ಆಮೇಲೆ ತಿಂಗಳಿಗೊಂದು ಗೀಟು, ತಾನೇ ಎಳೆದುಕೊಂಡದ್ದು,
ಹಿಮ್ಮಡಿ ಎತ್ತಿದರೆ ತಮ್ಮ ಕೂಗಬೇಕೆಂಬ ಕರಾರು.
ಈ ಯುಗಾದಿಗೆ ನಾಲ್ಕಡಿ ಎಂಟಿಂಚು,
ಮೇಲೊಂದು ಅಕ್ಕಿಕಾಳು.

ಈಗ ಬಂದ್.

ಇವರದು ಬೈತಖೋಲದ ಬೋಟು.
ಜೂನ್ ಒಂದರಿಂದ ಸಮುದ್ರಕ್ಕೆ ಬೀಗ,
ಅರವತ್ತೊಂದು ದಿನ ಗಂಡ ಮನೆಯವನು.
ಆಗಸ್ಟಿಗೆ ಅವರಿಗೆ ನೀರು ತೆರೆದರೆ
ಅಲ್ಲಿ ಗರುಡ ರೆಕ್ಕೆ ಬಿಚ್ಚುತ್ತದೆ.
ಎರಡು ಬಾಗಿಲು, ಒಂದು ತೆರೆದರೆ ಒಂದು ಹಾಕಿಕೊಳ್ಳುತ್ತದೆ.
"ದೀಪಾವಳಿಗೆ ಹೋದರಾಯ್ತು," ಎಂದರು ಇವರು,
ಹೇಳಿದವರೇ ನಕ್ಕರು. ದೀಪಾವಳಿಗೆ ಬಂಗಡೆ ಬಿಟ್ಟು ಬರುವ ಜನವೇ!
"ಮುಂದಿನ ವರ್ಷ?"
ಹನ್ನೊಂದಕ್ಕೆ ಬೇಕಾದದ್ದು ಹನ್ನೆರಡಕ್ಕೂ ಬೇಕಿರುತ್ತದೆಂದು
ಯಾರು ಬರೆದುಕೊಟ್ಟಿದ್ದಾರೆ?

ಎದುರುಮನೆ ಶೇವಂತಿ ವೈನಿ ಕಟ್ಟೆಯ ಮೇಲಿಂದಲೇ ತೀರ್ಪು ಕೊಟ್ಟಳು:
"ಒಂದು ತೊಟ್ಟಿಲು ನಿಂತರೆ ಜಾತ್ರೆಯೇ ನಿಂತ್ಹಂಗಾ? ಹೋಗಿ ಬನ್ನಿ."
ಸೋಹನನ ಮತ ಡಿಕ್ಕಿ ಕಾರಿಗೆ, ಅದನ್ನು ಯಾರೂ ಎಣಿಸಲಿಲ್ಲ.
ಪ್ರಚಿತಿಯದು ಒಂದೇ ಮಾತು, "ಗರುಡ ಇಲ್ದಿದ್ರೆ ನಾ ಬರೂದಿಲ್ಲ,"
ಆಮೇಲೆ ಮೂರು ದಿನ ಮಾತೇ ಇಲ್ಲ.

ನನ್ನನ್ನು ಯಾರೂ ಕೇಳಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆ:
ನನಗೆ ಗರುಡವೂ ಬೇಡ, ಡಿಕ್ಕಿಯೂ ಬೇಡ.
ಲಾಡ್ಜಿನ ಮಂಚದಲ್ಲಿ ಬೆಳಿಗ್ಗೆ ಏಳಕ್ಕೆ ಕಾಲು ಚಾಚಿಕೊಂಡು
ಗುಂಡಿ ಒತ್ತಿದರೆ ಚಾ ಬರಬೇಕು.
ಕಪ್ಪು ತೊಳೆಯುವವರು ಬೇರೆ ಯಾರೋ ಆಗಿರಬೇಕು.
ಮತ್ತೆ, ಬಸ್ಸಿನಲ್ಲಿ ಕಿಟಕಿ.
ಅರಬೈಲು ಘಟ್ಟದ ತಿರುವಿನಲ್ಲಿ ಮೋಡ ಕೈಗೆ ತಾಗುತ್ತದಂತೆ,
ಹೋದ ಸಲ ನನ್ನ ತೊಡೆ ಮೇಲೆ ಸೋಹನ ವಾಂತಿ ಮಾಡುತ್ತಿದ್ದ.

ನಾಲ್ಕನೆಯ ದಿನ ಇವರು ಮಗಳನ್ನು ಬಂದರಿಗೆ ಕರೆದೊಯ್ದರು,
ಸಮಾಧಾನಕ್ಕಲ್ಲ, ಬಣ್ಣದ ಡಬ್ಬಿ ಹಿಡಿಯಲು ಜನ ಇರಲಿಲ್ಲ.
ಬೋಟು ದಡಕ್ಕೇರಿ ಮರದ ಊರೆಗಳ ಮೇಲೆ ಕೂತಿತ್ತು.
ಹುಟ್ಟಿದಾಗಿನಿಂದ ನೋಡಿದ ಬೋಟು,
ಅದಕ್ಕೆ ಇಷ್ಟು ದೊಡ್ಡ ಹೊಟ್ಟೆ ಇದೆಯೆಂದು ಗೊತ್ತಿರಲಿಲ್ಲವಂತೆ.
ತಳಕ್ಕೆ ಕಚ್ಚಿದ ಚಿಪ್ಪು ಕೆರೆದಳು.
ನೀರಿನೊಳಗೇ ತಿರುಗುವ ಹಿತ್ತಾಳೆಯ ಪಂಖಕ್ಕೆ
ಅಂಗೈ ಇಟ್ಟು ನೋಡಿದಳು.
ಮೊಣಕೈಗೆ ಕೆಂಪು ಬಣ್ಣ, ಮೈಗೆ ಡೀಸೆಲ್ ವಾಸನೆ,
ರಾತ್ರಿ ಅನ್ನ ಕಲಸುತ್ತ ಬಾಯಿ ಬಿಟ್ಟಳು:
"ಆಯಿ, ಗರುಡಸುತ್ತನ್ನೂ ಹಿಂಗೇ ಬಿಚ್ಚಿ ಇಟ್ಟಿರ್ತಾರಾ?
ನೋಡೂಕೆ ಬಿಡ್ತಾರಾ?"

ಮತ್ತೆ ಫೋನು ಹಚ್ಚಿದೆ.
ಮರ್ಯಾದೆಯ ಹುಡುಗಿ ಒಂದು ಕ್ಷಣ ತಡವರಿಸಿದಳು,
ಯಾರೂ ಈವರೆಗೆ ಕೇಳಿರಲಿಕ್ಕಿಲ್ಲ.
"ಒಂದು ನಿಮಿಷ ಮೇಡಂ" ಎಂದು
ಕಿವಿಗೊಂದು ಪೀಪಿ ಹಚ್ಚಿ ಹೋದಳು.
ನಾಲ್ವರೂ ಪೀಪಿ ಕೇಳುತ್ತ ಕೂತೆವು.
ಬಂದು, ದನಿ ತಗ್ಗಿಸಿ, ತನ್ನದೇ ಗುಟ್ಟೆಂಬಂತೆ ಹೇಳಿದಳು:
"ಸುತ್ತ ತಗಡು ಕಟ್ಟಿದ್ದಾರೆ, ಹತ್ತಿರ ಬಿಡೂದಿಲ್ಲ.
ಆದರೆ ಜಾಯಿಂಟ್ ವ್ಹೀಲ್ ಮೇಲೆ ಹೋದಾಗ
ಒಳಗಿಂದು ಎಲ್ಲಾ ಕಾಣ್ತದೆ."

ಪ್ರಚಿತಿ ಇವರ ಮುಖ ನೋಡಿದಳು, ಇವರು ಕ್ಯಾಲೆಂಡರ್ ನೋಡಿದರು,
ಸೋಹನ ಡಿಕ್ಕಿ ಕಾರಿನ ಸದ್ದು ಮಾಡಿದ.
ಯಾರಾದರೂ ಏನಾದರೂ ಅನ್ನುವ ಮೊದಲು
ನಾನೇ ಅಂದೆ:
ಕಿಟಕಿ ನನಗೆ.